ಮಾನಸಿಕ ಕಾಯಿಲೆಗೆ ಮೊಬೈಲ್ ಆ್ಯಪ್: ಮದ್ದೋ, ಜೊತೆಗಾರನೋ?

“ಈ ಆ್ಯಪ್ ಹಾಕಿಕೊಳ್ಳಿ, 21 ದಿನದಲ್ಲಿ ಖಿನ್ನತೆ ಮಾಯ! ಮಾತ್ರೆ ಬೇಡ, ಡಾಕ್ಟರ್ ಬೇಡ. ತಪ್ಪದೆ ಹತ್ತು ಜನಕ್ಕೆ ಕಳಿಸಿ.”

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರ ಜೊತೆಗೇ ಓಡಾಡುವ ಇನ್ನೊಂದು ಸಂದೇಶವಿದೆ: “ಮಾನಸಿಕ ಕಾಯಿಲೆಯ ಮಾತ್ರೆ ನುಂಗಿದರೆ ಮೆದುಳು ಜಡವಾಗುತ್ತದೆ, ಸಾಯುವ ತನಕ ಬಿಡಲು ಆಗುವುದಿಲ್ಲ.” ಕಳಿಸುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಯಾರಿಗಾದರೂ ಉಪಯೋಗವಾಗಲಿ ಎಂದೇ ಕಳಿಸುತ್ತಾರೆ.

ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಮಗೆ ಪರಿಚಯವಾದ ಒಂದು ಮನೆಗೆ ಈ ಎರಡನೇ ಸಂದೇಶ ಹೋಯಿತು. ಆ ಮನೆಯಲ್ಲಿ ತಾಯಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಮಗಳು ಮತ್ತು ಆಕೆಯ ತಮ್ಮ ಇದ್ದಾರೆ. ತಮ್ಮನಿಗೆ ಸ್ಕಿಜೋಫ್ರೇನಿಯಾ. ಎರಡು ವರ್ಷದಿಂದ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದ. ಹೊಲದ ಕೆಲಸಕ್ಕೆ ಹೋಗುತ್ತಿದ್ದ, ಡೈರಿಗೆ ಹಾಲು ಹಾಕಿ ಬರುತ್ತಿದ್ದ. ಸಂಬಂಧಿಕರೊಬ್ಬರು ಕಳಿಸಿದ ಆ ಸಂದೇಶವನ್ನು ಅಕ್ಕನ ಫೋನಿನಲ್ಲಿ ಓದಿದವನು ಯಾರಿಗೂ ಹೇಳದೆ ಮಾತ್ರೆ ಬಿಟ್ಟ. ಮೊದಲ ವಾರ ಏನೂ ಆಗಲಿಲ್ಲ. ನೋಡಿದೆಯಾ, ಮಾತ್ರೆ ಬೇಕಾಗೇ ಇರಲಿಲ್ಲ ಎಂದುಕೊಂಡ. ಮುಂದೆ ನಿದ್ದೆ ಹೋಯಿತು, ಪಕ್ಕದ ಮನೆಯವರ ಮೇಲೆ ಅನುಮಾನ ಶುರುವಾಯಿತು, ಯಾರೂ ಇಲ್ಲದಾಗಲೂ ದನಿ ಕೇಳತೊಡಗಿತು. ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅವನ ಅಕ್ಕ ನಮ್ಮನ್ನು ಒಂದು ಪ್ರಶ್ನೆ ಕೇಳಿದರು: “ಹಾಳು ಮಾಡೋಕೆ ಫೋನ್ ಸಾಕಾಯ್ತು. ಅದೇ ಫೋನು ಒಳ್ಳೇದು ಮಾಡೋಕಾಗಲ್ವಾ?”

ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ ಈ ಲೇಖನ. ಮಾನಸಿಕ ಕಾಯಿಲೆ ಇರುವವರಿಗೆ ಆಸರೆಯಾಗುವ ಆ್ಯಪ್ ಒಂದನ್ನು ನಮ್ಮ ಕಡೆಯ ಜನರಿಗಾಗಿಯೇ ಮಾಡುವುದಾದರೆ ಅದು ಹೇಗಿರಬೇಕು? ಈಗಾಗಲೇ ಇರುವ ಆ್ಯಪ್‌ಗಳಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ?

ಮೊದಲು ಸುಳ್ಳು ಯಾವುದು, ನಿಜ ಯಾವುದು?

ಯಾವ ಆ್ಯಪ್ ಕೂಡ ಸ್ಕಿಜೋಫ್ರೇನಿಯಾ, ಬೈಪೋಲಾರ್ ಅಥವಾ ತೀವ್ರ ಖಿನ್ನತೆಯನ್ನು ತಾನೊಂದೇ ವಾಸಿ ಮಾಡುವುದಿಲ್ಲ. ಸೌಮ್ಯವಾದ ಆತಂಕ, ಖಿನ್ನತೆಗಳಲ್ಲಿ ಉಸಿರಾಟದ ಅಭ್ಯಾಸ, ಯೋಚನೆಯ ದಾರಿ ಬದಲಿಸುವ ಅಭ್ಯಾಸಗಳನ್ನು ಆ್ಯಪ್ ಮೂಲಕ ಕಲಿತವರಿಗೆ ಸ್ವಲ್ಪ ಮಟ್ಟಿನ ಅನುಕೂಲವಾಗುವುದು ಉಂಟು. ಅದಕ್ಕಿಂತ ಹೆಚ್ಚಿನದನ್ನು ಯಾರಾದರೂ ಹೇಳಿದರೆ ಅನುಮಾನಿಸಿ.

ಇನ್ನು ಮಾತ್ರೆಯ ವಿಷಯ. ಸ್ಕಿಜೋಫ್ರೇನಿಯಾ ಔಷಧಿಗಳ ಬಗ್ಗೆ ನಡೆದ 65 ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದ ವರದಿ 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ, 7ರಿಂದ 12 ತಿಂಗಳ ಅವಧಿಯಲ್ಲಿ ಮಾತ್ರೆ ಮುಂದುವರಿಸಿದವರಲ್ಲಿ ಕಾಯಿಲೆ ಮರುಕಳಿಸಿದ್ದು ಶೇ. 27 ಜನರಿಗೆ. ಔಷಧಿಯ ಬದಲು ಬರೀ ತೋರಿಕೆಯ ಗುಳಿಗೆ ತೆಗೆದುಕೊಂಡವರಲ್ಲಿ ಶೇ. 64 ಜನರಿಗೆ. ಅಂದರೆ ಎರಡು ಪಟ್ಟಿಗೂ ಹೆಚ್ಚು. ಮಾತ್ರೆಗಳಿಗೆ ಅಡ್ಡ ಪರಿಣಾಮ ಇಲ್ಲವೆಂದಲ್ಲ. ತೂಕ ಏರುವುದು, ತೂಕಡಿಕೆ, ಕೈ ನಡುಕ ಕೆಲವರಿಗೆ ನಿಜವಾಗಿಯೂ ಕಷ್ಟ ಕೊಡುತ್ತವೆ. ಅದಕ್ಕೆ ಪರಿಹಾರ ವೈದ್ಯರಿಗೆ ಹೇಳಿ ಪ್ರಮಾಣ ಅಥವಾ ಔಷಧಿ ಬದಲಿಸಿಕೊಳ್ಳುವುದೇ ಹೊರತು, ಫಾರ್ವರ್ಡ್ ನೋಡಿ ನಿಲ್ಲಿಸುವುದಲ್ಲ.

ಹಾಗಾದರೆ ಆ್ಯಪ್‌ಗೆ ಇಲ್ಲೇನು ಕೆಲಸ? ಕೆಲಸ ಬೇಕಾದಷ್ಟಿದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇದ್ದ ವಯಸ್ಕರು ಶೇ. 10.6. ಕಾಯಿಲೆ ಯಾವುದು ಎನ್ನುವುದರ ಮೇಲೆ, ಅವರಲ್ಲಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಚಿಕಿತ್ಸೆ ಸಿಕ್ಕವರದೂ ಸುಲಭದ ದಾರಿಯಲ್ಲ. ಗೌರಿಬಿದನೂರಿನಿಂದ ಬೆಂಗಳೂರಿಗೆ ಸುಮಾರು 75 ಕಿಲೋಮೀಟರ್. ರೈಲಿದೆ, ಬಸ್ಸಿದೆ. ಆದರೆ ಒಂದು ಭೇಟಿಗೆ ಎರಡು ಜನರ ಒಂದು ದಿನದ ಕೂಲಿ ಹೋಗುತ್ತದೆ. ನಿಮ್ಹಾನ್ಸ್ ಬೆಂಗಳೂರಿನ ಆಚೆ ವಿಸ್ತರಣಾ ಶಿಬಿರಗಳನ್ನು ನಡೆಸುತ್ತ ಬಂದ ಊರುಗಳಲ್ಲಿ ಗೌರಿಬಿದನೂರೂ ಒಂದು. 2014ರಲ್ಲಿ ಶುರುವಾದ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆ ಬಂತು. ಆದರೂ ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ ನಾಲ್ಕು ವಾರ ಇರುತ್ತದೆ. ಆ ನಾಲ್ಕು ವಾರ ಮನೆಯವರೇ ನೋಡಿಕೊಳ್ಳಬೇಕು. ಆ್ಯಪ್ ಇರಬೇಕಾದ ಜಾಗ ಅದೇ: ವೈದ್ಯರ ಕುರ್ಚಿ ಅಲ್ಲ, ಎರಡು ಭೇಟಿಗಳ ನಡುವಿನ ಖಾಲಿ ದಿನಗಳು.

ಮೊದಲ ಪಾಠ: ಫೋನ್ ಯಾರದು?

ನಾವು ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಆ್ಯಪ್ ಬಿಡಿಸಿದೆವು. ಅಂಗೈ ಅಗಲದ ರಟ್ಟಿನ ಚೂರುಗಳ ಮೇಲೆ ಒಂದೊಂದು ಪರದೆ. ಆ್ಯಪ್ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಬಳಸುವ ವಿಧಾನವಿದು. ತಪ್ಪಾದರೆ ಹರಿದು ಹಾಕಬಹುದು, ಖರ್ಚಿಲ್ಲ.

ಹರಿದು ಹಾಕುವ ಸರದಿ ಬೇಗನೇ ಬಂತು. ನಮ್ಮ ಮೊದಲ ಚೂರಿನ ಮೇಲೆ ರಾತ್ರಿ ಎಂಟಕ್ಕೆ ಬರುವ ನೆನಪೋಲೆ ಇತ್ತು: “ನಿಮ್ಮ ಸ್ಕಿಜೋಫ್ರೇನಿಯಾ ಮಾತ್ರೆಯ ಸಮಯ.” ಅದನ್ನು ನೋಡುತ್ತಲೇ ಅಕ್ಕ ಅಂಗೈಯಿಂದ ಮುಚ್ಚಿದರು. “ಇದು ನನ್ ಫೋನು ಕಣಮ್ಮಾ. ಬಸ್ಸಲ್ಲಿ ಪಕ್ಕದಲ್ಲಿ ಕೂತೋರು ಇಣುಕ್ತಾರೆ. ಊರಿಗೆಲ್ಲ ಗೊತ್ತಾದ್ರೆ ಇವನಿಗೆ ಹೆಣ್ಣು ಕೊಡೋದು ಹಾಗಿರಲಿ, ಕೂಲಿಗೂ ಕರೆಯಲ್ಲ.”

ಆ್ಯಪ್ ಮಾಡುವವರು ‘ಒಬ್ಬ ಮನುಷ್ಯ, ಒಂದು ಫೋನ್’ ಎಂದುಕೊಂಡಿರುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ. ಹಗಲಲ್ಲಿ ಅದು ದುಡಿಯುವವರ ಜೊತೆ ಹೋಗುತ್ತದೆ, ಸಂಜೆ ಮಕ್ಕಳ ಕೈಗೆ ಬರುತ್ತದೆ. ಕಾಯಿಲೆಯ ವ್ಯಕ್ತಿಯ ಕೈಗೆ ಅದು ಸಿಗುವುದು ದಿನದಲ್ಲಿ ಒಂದೆರಡು ಗಂಟೆ.

ಅಕ್ಕ ಆಮೇಲೆ ತಮ್ಮ ಫೋನ್ ತೆಗೆದು ಒಂದು ಅಲಾರಂ ತೋರಿಸಿದರು. ರಾತ್ರಿ ಎಂಟು ಗಂಟೆ. ಅದರ ಹೆಸರು ‘ಹಾಲು’. ಅದು ಹೊಡೆದರೆ ತಮ್ಮನಿಗೆ ಗೊತ್ತು, ಮಾತ್ರೆಯ ಹೊತ್ತು. ಬೇರೆಯವರು ನೋಡಿದರೆ ಬರೀ ಹಾಲು. ನಾವು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಸಮಸ್ಯೆಯನ್ನು ಅವರು ಯಾವ ಆ್ಯಪ್ ಇಲ್ಲದೆಯೇ ಬಗೆಹರಿಸಿಕೊಂಡಿದ್ದರು.

ಆ ದಿನ ನಮ್ಮ ಪಟ್ಟಿಗೆ ಮೂರು ನಿಯಮ ಸೇರಿದವು. ಆ್ಯಪ್‌ನ ಹೆಸರಿನಲ್ಲಿ, ಚಿತ್ರದಲ್ಲಿ ಕಾಯಿಲೆಯ ಸುಳಿವು ಇರಬಾರದು. ನೆನಪೋಲೆಯ ಮಾತನ್ನು ಬಳಸುವವರೇ ಆರಿಸಿಕೊಳ್ಳಬೇಕು. ಫೋನ್ ಬೇರೆಯವರ ಕೈಯಲ್ಲಿದ್ದರೂ ಒಳಗಿನ ವಿವರ ಗುಪ್ತ ಸಂಖ್ಯೆ ಇಲ್ಲದೆ ತೆರೆಯಬಾರದು. ಇದಕ್ಕೆ ಇನ್ನೂ ಒಂದು ಸೇರಿಸಬಹುದು: ರೀಚಾರ್ಜ್ ಮುಗಿದ ದಿನವೂ ನೆನಪೋಲೆ ಕೆಲಸ ಮಾಡಬೇಕು. ಡೇಟಾ ಇಲ್ಲವೆಂದು ಮಾತ್ರೆ ತಪ್ಪಬಾರದು.

ಎರಡನೇ ಪಾಠ: ಯಾವ ಭಾಷೆ, ಯಾವ ಪ್ರಶ್ನೆ?

ಹೆಚ್ಚಿನ ಮನಸ್ಸಿನ ಆ್ಯಪ್‌ಗಳು ಇಂಗ್ಲಿಷ್‌ನವು. ಕೆಲವು ಕನ್ನಡಕ್ಕೆ ಬಂದಿದ್ದರೂ ಆ ಕನ್ನಡ ಪುಸ್ತಕದ್ದು. “ನಿಮ್ಮ ಮನಃಸ್ಥಿತಿಯನ್ನು ಒಂದರಿಂದ ಹತ್ತರ ಮಾಪನದಲ್ಲಿ ಸೂಚಿಸಿ” ಎಂದರೆ ಉತ್ತರ ಬರುವುದಿಲ್ಲ. ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ ಕಡೆ ಇನ್ನೊಂದು ತೊಡಕು. ಶಾಲೆಯಲ್ಲಿ ಕನ್ನಡ ಓದಿದವರಲ್ಲೂ ಎಷ್ಟೋ ಜನರ ಮನೆಮಾತು ತೆಲುಗು. ಸಂಕಟ ಹೇಳಿಕೊಳ್ಳುವುದು ಮನೆಮಾತಿನಲ್ಲಿ. ಹಾಗಾಗಿ ಓದುವ ಅಕ್ಷರಕ್ಕಿಂತ ಕೇಳುವ ದನಿ ಮುಖ್ಯ. ಅದೂ ಎರಡು ಭಾಷೆಯಲ್ಲಿ.

ಆದರೆ ದನಿಯ ವಿಷಯದಲ್ಲಿ ಎಚ್ಚರ ಬೇಕು. ಇಲ್ಲದ ದನಿಗಳು ಕೇಳುವ ಕಾಯಿಲೆ ಇರುವವರ ಫೋನಿನಿಂದ ಇದ್ದಕ್ಕಿದ್ದಂತೆ ಗುರುತಿಲ್ಲದ ದನಿಯೊಂದು ಹೆಸರು ಹಿಡಿದು ಕರೆದರೆ ಅದು ಸಹಾಯವಲ್ಲ, ಭಯ. ದನಿ ತಾನಾಗಿ ಶುರುವಾಗಬಾರದು, ಅವರು ಒತ್ತಿದ ಮೇಲಷ್ಟೇ ಕೇಳಬೇಕು. ಸಾಮಾನ್ಯ ಆ್ಯಪ್‌ಗೆ ಚೆಂದ ಎನಿಸುವ ಗುಣ ಇಲ್ಲಿ ಅಪಾಯವಾಗಬಹುದು.

ಪ್ರಶ್ನೆಯ ಬಗ್ಗೆ ಆ ತಮ್ಮನೇ ನಮಗೆ ಪಾಠ ಹೇಳಿದ. “ದಿನಾ ‘ಹೇಗಿದ್ದೀರಾ’ ಅಂತ ಕೇಳಿದ್ರೆ ಏನ್ ಹೇಳೋದು? ಚೆನ್ನಾಗಿದೀನಿ ಅಂತ ಒತ್ತಿ ಮುಗಿಸ್ತೀನಿ. ‘ರಾತ್ರಿ ನಿದ್ದೆ ಬಂತಾ’ ಅಂತ ಕೇಳಿ. ಅದಕ್ಕೆ ಸುಳ್ಳು ಹೇಳೋಕಾಗಲ್ಲ.” ವೈದ್ಯಕೀಯವಾಗಿಯೂ ಅವನ ಮಾತು ಸರಿ. ಕಾಯಿಲೆ ಮರುಕಳಿಸುವ ಮೊದಲು ನಿದ್ದೆ ಕಡಿಮೆಯಾಗುವುದು, ಜನರಿಂದ ದೂರ ಉಳಿಯುವುದು, ಊಟ ಬಿಡುವುದು, ಅನುಮಾನ ಹೆಚ್ಚುವುದು ಸಾಮಾನ್ಯ ಮುನ್ಸೂಚನೆಗಳು. ದಿನಕ್ಕೆ ಎರಡೇ ಪ್ರಶ್ನೆ ಸಾಕು: ನಿದ್ದೆ ಬಂತೇ? ಇವತ್ತು ಮನೆಯಿಂದ ಹೊರಗೆ ಹೋದಿರಾ?

ಮಾತ್ರೆಯ ಪ್ರಶ್ನೆಯೂ ಹಾಗೇ. ‘ತಗೊಂಡೆ’, ‘ತಗೊಂಡಿಲ್ಲ’ ಎಂಬ ಎರಡೇ ಗುಂಡಿ ಇದ್ದರೆ, ತಗೊಳ್ಳದವರು ಬೈಸಿಕೊಳ್ಳುವ ಭಯಕ್ಕೆ ‘ತಗೊಂಡೆ’ ಎಂದೇ ಒತ್ತುತ್ತಾರೆ. ಮೂರನೆಯ ಗುಂಡಿ ಬೇಕು: ‘ಮಾತ್ರೆ ತೊಂದರೆ ಕೊಡ್ತಿದೆ’. ಅದನ್ನು ಒತ್ತಿದರೆ ಏನು ತೊಂದರೆ ಎಂದು ಚಿತ್ರಗಳಲ್ಲಿ ಕೇಳಿ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಲು ಗುರುತು ಹಾಕಿಕೊಳ್ಳಬೇಕು. ಆ ಹುಡುಗ ಮಾತ್ರೆ ಬಿಡಲು ಫಾರ್ವರ್ಡ್ ಒಂದೇ ಕಾರಣವಾಗಿರಲಿಲ್ಲ. ಬೆಳಿಗ್ಗೆ ಎದ್ದರೆ ತಲೆ ಭಾರ, ಹೊಲದಲ್ಲಿ ತೂಕಡಿಕೆ. ಅದನ್ನು ಹೇಳಿಕೊಳ್ಳಲು ಅವನಿಗೆ ಜಾಗವೇ ಇರಲಿಲ್ಲ. ಸಂದೇಶ ಬಂದಾಗ ಅದು ತನ್ನ ಮನಸ್ಸಿನ ಮಾತೇ ಎನಿಸಿತು.

ಕಾಯಿಲೆ ಮರುಕಳಿಸುವುದನ್ನು ಫೋನ್ ಮೊದಲೇ ಹೇಳಬಲ್ಲದೇ?

ಈ ಪ್ರಶ್ನೆಯ ಮೇಲೆ ನಮ್ಮ ಬೆಂಗಳೂರಿನಲ್ಲೇ ಕೆಲಸ ನಡೆದಿದೆ. ಅಮೆರಿಕದ ಬಾಸ್ಟನ್‌ನಲ್ಲಿ ರೂಪಿಸಿದ ‘ಮೈಂಡ್‌ಲ್ಯಾಂಪ್’ ಎಂಬ ಆ್ಯಪ್ ಬಳಸಿ, ಬಾಸ್ಟನ್, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭೋಪಾಲದ ಸಂಗಾತ್ ಸಂಸ್ಥೆಗಳು ಸೇರಿ ‘ಶಾರ್ಪ್’ ಎಂಬ ಅಧ್ಯಯನ ಕೈಗೊಂಡವು. ಸ್ಕಿಜೋಫ್ರೇನಿಯಾ ಇರುವವರ ಒಪ್ಪಿಗೆ ಪಡೆದು, ಅವರ ಫೋನ್ ಎಷ್ಟು ಓಡಾಡುತ್ತದೆ, ಪರದೆ ಯಾವಾಗ ಬೆಳಗುತ್ತದೆ ಎಂಬಂಥ ಮಾಹಿತಿ ಮತ್ತು ಅವರೇ ಕೊಡುವ ಉತ್ತರಗಳಿಂದ ಮರುಕಳಿಕೆಯ ಸುಳಿವು ಸಿಗುತ್ತದೆಯೇ ಎಂದು ನೋಡುವುದು ಉದ್ದೇಶ.

ಸುಳಿವು ಸಿಗಬಹುದು ಎಂಬ ಆಸೆಗೆ ಕಾರಣವಿದೆ. 2018ರಲ್ಲಿ ಬಾಸ್ಟನ್‌ನ ಸಂಶೋಧಕರು ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ, ಮರುಕಳಿಕೆಗೆ ಹಿಂದಿನ ಎರಡು ವಾರಗಳಲ್ಲಿ ಫೋನ್ ಮಾಹಿತಿಯ ಅಸಹಜ ಏರುಪೇರುಗಳು ಬೇರೆ ದಿನಗಳಿಗಿಂತ ಶೇ. 71 ಹೆಚ್ಚಿದ್ದವು. ಎರಡು ವಾರ ಮೊದಲೇ ಗೊತ್ತಾದರೆ ಎಷ್ಟೋ ಆಸ್ಪತ್ರೆ ವಾಸ ತಪ್ಪಿಸಬಹುದು. ಆದರೆ ಆ ಅಧ್ಯಯನದಲ್ಲಿದ್ದವರು 17 ಜನ ಮಾತ್ರ. ಅಷ್ಟರಿಂದ “ಫೋನ್ ಹುಚ್ಚು ಹಿಡಿಯುವುದನ್ನು ಮೊದಲೇ ಹೇಳುತ್ತದೆ” ಎಂದು ಫಾರ್ವರ್ಡ್ ಮಾಡಿದರೆ ಅದು ಇನ್ನೊಂದು ಸುಳ್ಳು.

ಗೌರಿಬಿದನೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಇಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪನ ಕೇಂದ್ರವಿದೆ. ಸಾವಿರಾರು ಕಿಲೋಮೀಟರ್ ದೂರದ ಭೂಗತ ಅಣುಸ್ಫೋಟದ ಸಣ್ಣ ನಡುಕವನ್ನೂ ಅದು ಹಿಡಿಯಬಲ್ಲದು. ಅಲ್ಲಿ ಒಂದೇ ಉಪಕರಣ ಇಟ್ಟು ಸುಮ್ಮನಾಗಿಲ್ಲ, ದೂರದೂರಕ್ಕೆ ಸಾಲಾಗಿ ಹಲವು ಇಟ್ಟಿದ್ದಾರೆ. ಒಂದೇ ಇದ್ದರೆ ಪಕ್ಕದಲ್ಲಿ ಹೋದ ಲಾರಿಯ ಅದುರೂ ಸ್ಫೋಟದಂತೆ ಕಾಣಬಹುದು. ಹಲವು ಉಪಕರಣಗಳಲ್ಲಿ ಒಂದೇ ರೀತಿಯ ನಡುಕ ಬಂದರೆ ಮಾತ್ರ ಅದು ನಿಜವಾದ ಸುದ್ದಿ.

ಫೋನಿನ ಕಥೆಯೂ ಅದೇ. ಎರಡು ದಿನ ಫೋನ್ ಅಲುಗಾಡಲಿಲ್ಲ ಎಂದರೆ ಮನುಷ್ಯ ಮಂಕಾಗಿದ್ದಾನೆ ಎಂದಲ್ಲ. ಚಾರ್ಜರ್ ಕೆಟ್ಟಿರಬಹುದು, ಕರೆಂಟ್ ಹೋಗಿರಬಹುದು, ಫೋನನ್ನು ಅಕ್ಕ ತೆಗೆದುಕೊಂಡು ಹೋಗಿರಬಹುದು. ಅಕ್ಕನ ಓಡಾಟವನ್ನು ತಮ್ಮನ ಓಡಾಟವೆಂದು ಲೆಕ್ಕ ಹಾಕುವ ಆ್ಯಪ್ ಹಸಿ ಸುಳ್ಳು ಹೇಳುತ್ತದೆ. ನಿದ್ದೆ, ಓಡಾಟ, ಮಾತ್ರೆ, ಅವರದೇ ಉತ್ತರ ಇವೆಲ್ಲ ಒಂದೇ ದಿಕ್ಕು ತೋರಿಸಿದಾಗ ಮಾತ್ರ ಎಚ್ಚರಿಕೆ ಸರಿ.

ಇನ್ನೂ ಸೂಕ್ಷ್ಮವಾದ ವಿಷಯವೊಂದಿದೆ. “ಯಾರೋ ನನ್ನನ್ನು ಗಮನಿಸುತ್ತಿದ್ದಾರೆ” ಎಂಬುದೇ ಈ ಕಾಯಿಲೆಯ ಒಂದು ಲಕ್ಷಣ. ಅಂಥವರ ಫೋನಿನಲ್ಲಿ ಹೇಳದೆ ಕೇಳದೆ ಜಾಗ ಪತ್ತೆ ಹಚ್ಚುವ ಆ್ಯಪ್ ಹಾಕಿದರೆ, ಅವರ ಭಯವನ್ನು ನಾವೇ ನಿಜ ಮಾಡಿದಂತೆ. ಏನು ನೋಡುತ್ತೇವೆ, ಯಾಕೆ ನೋಡುತ್ತೇವೆ, ಯಾರಿಗೆ ತೋರಿಸುತ್ತೇವೆ ಎನ್ನುವುದನ್ನು ಅವರು ಆರೋಗ್ಯವಾಗಿರುವಾಗಲೇ ಕೂತು ಮಾತಾಡಿ ಒಪ್ಪಿಸಬೇಕು. ಬೇಡ ಎನಿಸಿದ ದಿನ ನಿಲ್ಲಿಸುವ ಗುಂಡಿ ಅವರ ಕೈಯಲ್ಲೇ ಇರಬೇಕು. ಮನೆಯವರು ಕದ್ದು ಹಾಕುವುದು ಸಲ್ಲದು.

ಒತ್ತದ ದಿನ ಯಾರು ಬರುತ್ತಾರೆ?

ರಟ್ಟಿನ ಚೂರುಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ ಆ ಹುಡುಗ ಕೇಳಿದ: “ಎಲ್ಲಾ ಸರಿ. ನಾನು ಒಂದಿನ ಏನೂ ಒತ್ತಲಿಲ್ಲ ಅಂದ್ರೆ ಯಾರು ಬರ್ತಾರೆ?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯೋಚಿಸಿದಷ್ಟೂ ಇಡೀ ವಿಷಯ ಆ ಒಂದು ಪ್ರಶ್ನೆಯಲ್ಲೇ ಇದೆ ಅನಿಸಿತು. ಕಾಯಿಲೆ ಹೆಚ್ಚಾದಾಗ ಮನುಷ್ಯ ಮೊದಲು ಬಿಡುವುದೇ ಇಂಥವನ್ನು. ಅಂದರೆ ಆ್ಯಪ್ ಅತ್ಯಂತ ಅಗತ್ಯವಾದ ದಿನವೇ ಅದು ತೆರೆಯುವುದಿಲ್ಲ.

2019ರಲ್ಲಿ 93 ಮಾನಸಿಕ ಆರೋಗ್ಯ ಆ್ಯಪ್‌ಗಳ ನಿಜವಾದ ಬಳಕೆಯನ್ನು ಅಳೆದ ಅಧ್ಯಯನವೊಂದು ಪ್ರಕಟವಾಯಿತು. ಹಾಕಿಕೊಂಡು 15 ದಿನವಾಗುವ ಹೊತ್ತಿಗೆ ಬಳಸುತ್ತಿದ್ದವರು ಸುಮಾರು ಶೇ. 3.9. ಒಂದು ತಿಂಗಳಿಗೆ ಶೇ. 3.3. ನೂರು ಜನ ಹಾಕಿಕೊಂಡರೆ ತಿಂಗಳ ಕೊನೆಗೆ ಉಳಿಯುವವರು ಮೂರು-ನಾಲ್ಕು ಜನ. ‘ಹತ್ತು ಲಕ್ಷ ಡೌನ್‌ಲೋಡ್’ ಎಂಬ ಜಾಹೀರಾತು ನೋಡಿದಾಗ ಈ ಲೆಕ್ಕ ನೆನಪಿರಲಿ.

ಇದರ ಎದುರಿಗೆ ಇನ್ನೊಂದು ಉದಾಹರಣೆ. ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗಾಗಿಯೇ ಮಾಡಿದ ‘ಫೋಕಸ್’ ಎಂಬ ಆ್ಯಪ್. ಮಾತ್ರೆ, ನಿದ್ದೆ, ಮನಸ್ಸಿನ ಸ್ಥಿತಿ, ಜನರ ಜೊತೆ ಬೆರೆಯುವುದು, ಕೇಳಿಬರುವ ದನಿಗಳು ಎಂಬ ಐದೇ ವಿಷಯ ಅದರಲ್ಲಿ. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 33 ಜನ ಅದನ್ನು ಒಂದು ತಿಂಗಳು ಬಳಸಿದರು. ಶೇ. 86ಕ್ಕೂ ಹೆಚ್ಚು ದಿನ ಅದನ್ನು ತೆರೆದಿದ್ದರು. ಈ ಎರಡು ಲೆಕ್ಕಗಳನ್ನು ನೇರವಾಗಿ ಹೋಲಿಸುವಂತಿಲ್ಲ; ಅಧ್ಯಯನಕ್ಕೆ ಒಪ್ಪಿ ಬಂದವರು ಹೇಗೂ ಹೆಚ್ಚು ಬಳಸುತ್ತಾರೆ. ಆದರೆ ಒಂದು ಮಾತು ಖಚಿತ. ತೀವ್ರ ಕಾಯಿಲೆ ಇರುವವರಿಗೆ ಫೋನ್ ಬಳಸಲು ಬರುವುದಿಲ್ಲ ಎಂಬುದು ತಪ್ಪು ನಂಬಿಕೆ. ಮುಂದೆ 2018ರಲ್ಲಿ ಬಂದ ದೊಡ್ಡ ಪರೀಕ್ಷೆಯಲ್ಲಿ ಆ್ಯಪ್‌ನ ಹಿಂದೆ ಒಬ್ಬ ಸಹಾಯಕರನ್ನೂ ಇಟ್ಟಿದ್ದರು. ಬಳಸುವವರ ಜೊತೆ ಫೋನಿನಲ್ಲಿ ಮಾತಾಡಿ, ತೊಡಕಿದ್ದರೆ ಬಿಡಿಸುವುದು ಅವರ ಕೆಲಸ.

ನಮ್ಮ ಕಡೆ ಆ ಮನುಷ್ಯ ಯಾರಾಗಬಹುದು? ಊರಿನ ಆಶಾ ಕಾರ್ಯಕರ್ತೆ ಎಂದು ತಟ್ಟನೆ ಹೇಳಬಹುದು. ಆಂಧ್ರದ ಪಶ್ಚಿಮ ಗೋದಾವರಿಯಲ್ಲಿ ಜಾರ್ಜ್ ಇನ್ಸ್‌ಟಿಟ್ಯೂಟ್ ನಡೆಸಿದ ‘ಸ್ಮಾರ್ಟ್ ಮೆಂಟಲ್ ಹೆಲ್ತ್’ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋಗಿ ಖಿನ್ನತೆ, ಆತಂಕ ಇರುವವರನ್ನು ಗುರುತಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿ ಕಳಿಸುತ್ತಿದ್ದರು. ಆದರೆ ನಾವು ಕೇಳಿದ ಮನೆಗಳಲ್ಲಿ ಎರಡು ಥರದ ಉತ್ತರ ಬಂತು. “ಆಶಾ ಅಕ್ಕ ಬಂದ್ರೆ ಧೈರ್ಯ” ಎಂದವರಿದ್ದರು. “ಅವರು ನಮ್ಮ ಬೀದಿಯವರೇ, ಬೇಡ” ಎಂದವರೂ ಇದ್ದರು. ಇಬ್ಬರೂ ಸರಿ. ಅದಕ್ಕೇ ಯಾರಿಗೆ ಸುದ್ದಿ ಹೋಗಬೇಕು ಎನ್ನುವುದನ್ನು ಕಾಯಿಲೆ ಇರುವವರೇ ಮೊದಲೇ ಬರೆದಿಡಬೇಕು: ಮೊದಲು ಅಕ್ಕ, ಆಮೇಲೆ ಮಾವ, ಆಮೇಲೆ ಆಸ್ಪತ್ರೆಯ ಆಪ್ತಸಮಾಲೋಚಕರು. ಎರಡು ದಿನ ಉತ್ತರ ಬರದಿದ್ದರೆ ಅದೇ ಕ್ರಮದಲ್ಲಿ ಫೋನ್ ಹೋಗಬೇಕು. ಸಂದೇಶವಲ್ಲ, ಫೋನ್.

ಯಾರೂ ಇಲ್ಲದ ಹೊತ್ತಿಗೆ ಸರ್ಕಾರದ್ದೇ ಒಂದು ದಾರಿಯಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ, ಸಂಖ್ಯೆ 14416. ಹಗಲು ರಾತ್ರಿ ಕೆಲಸ ಮಾಡುತ್ತದೆ, ಉಚಿತ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. 2024ರಲ್ಲಿ ಇದರ ಆ್ಯಪ್ ಕೂಡ ಬಂದಿದೆ. ಆದರೆ ಮಾತಾಡಲು ಆ್ಯಪ್ ಬೇಕಿಲ್ಲ, ಗುಂಡಿ ಒತ್ತುವ ಹಳೆಯ ಫೋನ್ ಸಾಕು.

ನಿಮ್ಮ ಮನಸ್ಸಿನ ಮಾತು ಎಲ್ಲಿಗೆ ಹೋಗುತ್ತದೆ?

‘ಉಚಿತ’ ಎಂದ ಕೂಡಲೇ ಹಾಕಿಕೊಳ್ಳುವ ಮೊದಲು ಇದನ್ನು ಓದಿ. ಖಿನ್ನತೆ ಮತ್ತು ಧೂಮಪಾನ ಬಿಡುವುದಕ್ಕೆ ಸಂಬಂಧಿಸಿದ 36 ಜನಪ್ರಿಯ ಆ್ಯಪ್‌ಗಳನ್ನು ಸಂಶೋಧಕರು ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟರು. ಅವುಗಳಲ್ಲಿ 29 ಆ್ಯಪ್‌ಗಳು ಜಾಹೀರಾತು ಅಥವಾ ವಿಶ್ಲೇಷಣೆಯ ಉದ್ದೇಶಕ್ಕೆ ಗೂಗಲ್ ಇಲ್ಲವೇ ಫೇಸ್‌ಬುಕ್‌ಗೆ ಮಾಹಿತಿ ಕಳಿಸುತ್ತಿದ್ದವು. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪದ ಮೇಲೆ ‘ಬೆಟರ್‌ಹೆಲ್ಪ್’ ಎಂಬ ಆಪ್ತಸಮಾಲೋಚನೆ ಕಂಪನಿ 78 ಲಕ್ಷ ಡಾಲರ್ ಕೊಡಬೇಕೆಂದು ಆದೇಶಿಸಿತು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಡಿಜಿಟಲ್ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಬೇರೆ ಕಾಯ್ದೆಯೂ ಬಂದಿದೆ. ಆದರೆ ‘ಒಪ್ಪಿದ್ದೇನೆ’ ಎಂದು ಓದದೆ ಒತ್ತಿದ ಮೇಲೆ ಕಾಯ್ದೆಯ ಬಲ ಹಿಡಿದು ಹೋರಾಡುವುದು ಸಾಮಾನ್ಯರಿಗೆ ಕಷ್ಟ. ಒಳ್ಳೆಯ ಆ್ಯಪ್ ಆದಷ್ಟು ಕಡಿಮೆ ಕೇಳುತ್ತದೆ. ನಿದ್ದೆಯ ಲೆಕ್ಕ ಇಡುವ ಆ್ಯಪ್‌ಗೆ ನಿಮ್ಮ ಫೋಟೊ, ನಿಮ್ಮ ಫೋನ್‌ಬುಕ್ಕಿನ ಹೆಸರುಗಳು ಯಾಕೆ ಬೇಕು?

ಹಾಗೆಯೇ, ಮನುಷ್ಯರಂತೆ ಮಾತಾಡುವ ಚಾಟ್‌ಬಾಟ್‌ಗಳ ಬಗ್ಗೆ ಒಂದು ಮಾತು. ಬೇಸರದ ರಾತ್ರಿ ಅವು ಜೊತೆಯಾಗಬಹುದು. ಆದರೆ ಅಪಾಯದ ಹೊತ್ತಿಗೆ ನಂಬುವಂತಿಲ್ಲ. ಊಟದ ಗೀಳಿನ ಕಾಯಿಲೆ ಇರುವವರಿಗೆ ಸಹಾಯ ಮಾಡಲು ಅಮೆರಿಕದ ಸಂಸ್ಥೆಯೊಂದು ಇಟ್ಟಿದ್ದ ‘ಟೆಸ್ಸಾ’ ಎಂಬ ಚಾಟ್‌ಬಾಟ್, ಅವರಿಗೇ ತೂಕ ಇಳಿಸುವ ಸಲಹೆ ಕೊಟ್ಟಿದ್ದು ಬೆಳಕಿಗೆ ಬಂದು 2023ರಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಸಾಯುವ ಯೋಚನೆ ಬರುತ್ತಿದ್ದರೆ ಯಂತ್ರದ ಜೊತೆ ಮಾತು ಬೇಡ. ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಪ್ರಾಣಾಪಾಯ ಎನಿಸಿದರೆ 112 ಅಥವಾ 108ಕ್ಕೆ ಮಾಡಿ.

ಫಾರ್ವರ್ಡ್ ಒತ್ತುವ ಮುನ್ನ

ಪವಾಡಗಳನ್ನು ಪರಿಶೀಲಿಸಲು 1976ರಲ್ಲಿ ಸಮಿತಿ ರಚಿಸಿ ದೇಶದ ಗಮನ ಸೆಳೆದ, ಬೆಂಗಳೂರು ವಿಶ್ವವಿದ್ಯಾಲಯದ ಅಂದಿನ ಕುಲಪತಿ ಎಚ್. ನರಸಿಂಹಯ್ಯ ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಕೇಳದೆ ನಂಬಬಾರದು ಎನ್ನುವುದನ್ನು ಅವರು ಬದುಕಿಡೀ ಕಲಿಸಿದರು. ಮನಸ್ಸಿನ ಆ್ಯಪ್ ಬಗ್ಗೆ ಸಂದೇಶ ಬಂದಾಗ ನೀವೂ ಈ ಆರು ಪ್ರಶ್ನೆ ಕೇಳಿ:

1. ವಾಸಿ ಮಾಡುತ್ತೇನೆ ಎನ್ನುತ್ತದೆಯೇ, ಜೊತೆಗಿರುತ್ತೇನೆ ಎನ್ನುತ್ತದೆಯೇ? ಮೊದಲನೆಯದಾದರೆ ಅಲ್ಲೇ ಬಿಡಿ.

2. ಮಾತ್ರೆ ಅಥವಾ ವೈದ್ಯರನ್ನು ಬಿಡಲು ಹೇಳುತ್ತದೆಯೇ? ಹಾಗಿದ್ದರೆ ಸಂದೇಶ ಅಳಿಸಿ, ಕಳಿಸಿದವರಿಗೂ ಮೆಲ್ಲಗೆ ತಿಳಿಸಿ.

3. ಮಾಡಿದವರು ಯಾರು? ಹಿಂದೆ ಆಸ್ಪತ್ರೆ, ಮನೋವೈದ್ಯರು ಇದ್ದಾರೆಯೇ?

4. ನಮ್ಮ ಭಾಷೆಯಲ್ಲಿ, ನಮಗೆ ಅರ್ಥವಾಗುವ ಮಾತಿನಲ್ಲಿ ಇದೆಯೇ?

5. ಏನೇನು ಅನುಮತಿ ಕೇಳುತ್ತದೆ? ಬೇರೆಯವರು ಫೋನ್ ನೋಡಿದರೆ ಕಾಯಿಲೆಯ ಗುಟ್ಟು ಬಯಲಾಗುತ್ತದೆಯೇ?

6. ಬಳಸುವುದನ್ನು ನಿಲ್ಲಿಸಿದ ದಿನ ವಿಚಾರಿಸುವ ಮನುಷ್ಯರು ಯಾರಾದರೂ ಇದ್ದಾರೆಯೇ?

ಆರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ, ಅದು ಒಳ್ಳೆಯ ಅಲಾರಂ ಅಷ್ಟೇ. ಅಲಾರಂ ಕೂಡ ಉಪಯೋಗಕ್ಕೆ ಬರುತ್ತದೆ. ಅದನ್ನು ಅಲಾರಂ ಎಂದೇ ಕರೆಯೋಣ, ಮದ್ದು ಎನ್ನುವುದು ಬೇಡ.

ಆ ಹುಡುಗ ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ತೂಕಡಿಕೆಯ ವಿಷಯ ಹೇಳಿಕೊಂಡ ಮೇಲೆ ವೈದ್ಯರು ಔಷಧಿಯ ಹೊತ್ತು ಬದಲಿಸಿದ್ದಾರೆ. ನಮ್ಮ ಆ್ಯಪ್ ಇನ್ನೂ ರಟ್ಟಿನ ಮೇಲೇ ಇದೆ. ಅದು ಫೋನಿಗೆ ಬರುವ ತನಕ ಅವರ ಮನೆಯಲ್ಲಿ ರಾತ್ರಿ ಎಂಟಕ್ಕೆ ‘ಹಾಲು’ ಅಲಾರಂ ಹೊಡೆಯುತ್ತದೆ. ಅಕ್ಕ ಓವರ್‌ಟೈಮ್‌ನಲ್ಲಿದ್ದರೆ ಫೋನ್ ಅವರ ಜೊತೆಯೇ ಇರುತ್ತದೆ. ಆಗ ಅವರು ಎರಡು ಮನೆ ಆಚೆ ಇರುವ ಮಾವನಿಗೆ ಫೋನ್ ಮಾಡುತ್ತಾರೆ. ಮಾವ ಎದ್ದು ಹೋಗಿ, ಬಾಗಿಲಲ್ಲಿ ನಿಂತು “ಏನಪ್ಪಾ, ಹಾಲು ಆಯ್ತಾ?” ಎಂದು ಕೇಳಿ ಬರುತ್ತಾರೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹೀಗೆ ಕೇಳಬೇಕಾದವರು ಒಬ್ಬರಿದ್ದರೆ, ಇವತ್ತು ಈ ಲೇಖನ ಫಾರ್ವರ್ಡ್ ಮಾಡುವ ಮೊದಲು ಅವರಿಗೊಂದು ಫೋನ್ ಮಾಡಿ. ಆಮೇಲೆ 14416 ಸಂಖ್ಯೆಯ ಜೊತೆ ಇದನ್ನು ಹತ್ತಲ್ಲ, ನೂರು ಜನಕ್ಕೆ ಕಳಿಸಿ.